ಫರಸಿ ಒರೆಸುವ ಕೂಸು

ಕಲಬುರಗಿಯ ನಮ್ಮ ಮನೆಯಲ್ಲಿ ದಿನಾ ಬೆಳಗ್ಗೆ ಏಳೂವರೆಗೆ ಒಂದು ಜಗಳ ಇರುತ್ತದೆ. ಒಂದು ಕಡೆ ನಮ್ಮವ್ವ, ಇನ್ನೊಂದು ಕಡೆ ನನ್ನ ತಂಗಿಯ 20 ತಿಂಗಳ ಮಗಳು. ಜಗಳ ಫರಸಿ, ಅಂದರೆ ಶಹಾಬಾದ ಕಲ್ಲು ಹಾಸಿದ ನೆಲ, ಒರೆಸುವ ಬಟ್ಟೆಗಾಗಿ. ನಾವದಕ್ಕೆ ಅರಿವಿ ಅನ್ನುತ್ತೇವೆ.

"ಬಿಡವ್ವಾ, ಆಯಿ ಒರಸ್ತಾಳ, ನೀ ಅಲ್ಲಿ ಕೂಡು" ಅಂತ ಅವ್ವ. ಆಯಿ ಅಂದರೆ ಅಜ್ಜಿ, ಅಂದರೆ ಅವಳೇ. ಕೂಸು ಬಿಡುವುದಿಲ್ಲ. ಎರಡೂ ಕೈಯಲ್ಲಿ ಅರಿವಿ ಒತ್ತಿ ಹಿಡಿದು, ಕುಂಡಿ ಮೇಲೆತ್ತಿ, ಒಂದೇ ಕಲ್ಲನ್ನು ಏಳೆಂಟು ಸಲ ಒರೆಸುತ್ತದೆ. ಪಕ್ಕದ ಕಲ್ಲಿಗೆ ಹೋಗುವ ಮಾತೇ ಇಲ್ಲ. ಅರಿವಿ ಹಿಂಡಿರುವುದಿಲ್ಲ, ಹಾಗಾಗಿ ನೆಲದ ಮೇಲೆ ಸಣ್ಣ ಕೆರೆ. ನಮ್ಮ ಬೇಸಿಗೆಯ ಒಣ ಗಾಳಿಗೆ ಆ ನೀರು ಬೇಗ ಆರುತ್ತದೆ ಅನ್ನುವುದೊಂದೇ ಸಮಾಧಾನ. ಹತ್ತು ನಿಮಿಷದ ಕೆಲಸ ಅರ್ಧ ಗಂಟೆ ಹಿಡಿಯುತ್ತದೆ. ಅದಕ್ಕೇ ತಂಗಿ ಒಂದು ಉಪಾಯ ಹೇಳಿದಳು: ಕೂಸು ಮಲಗಿದಾಗ ಒರೆಸಿಬಿಡೋಣ.

ಈ ಉಪಾಯ ಹೊಸದಲ್ಲ. ಅಮೆರಿಕದ ಮನೋವಿಜ್ಞಾನಿ ಹ್ಯಾರಿಯೆಟ್ ರೈನ್‌ಗೋಲ್ಡ್ 1982ರಲ್ಲಿ, ಸಣ್ಣ ಮಕ್ಕಳು ಮನೆಗೆಲಸಕ್ಕೆ ಕೈ ಹಾಕುವುದರ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಪ್ರಯೋಗಾಲಯದ ಕೋಣೆಯನ್ನು ಮನೆಯಂತೆ ಸಜ್ಜು ಮಾಡಿ, ಕಸ ಹೊಡೆಯುವುದು, ಬಟ್ಟೆ ಮಡಚುವುದು, ಊಟದ ಮೇಜು ಜೋಡಿಸುವುದು ಹೀಗೆ ಮಾಡದೆ ಬಿಟ್ಟ ಕೆಲಸಗಳನ್ನು ಅಲ್ಲಿ ಇಟ್ಟಿದ್ದರು. ಅಪ್ಪ ಅಮ್ಮಂದಿರು ಕೆಲಸ ಶುರು ಮಾಡಬೇಕು, ಮಕ್ಕಳಿಗೆ ಹಾಗೆ ಮಾಡು ಹೀಗೆ ಮಾಡು ಅನ್ನಬಾರದು. 18, 24 ಮತ್ತು 30 ತಿಂಗಳ ಮಕ್ಕಳು ಅರ್ಧಕ್ಕಿಂತ ಹೆಚ್ಚು ಕೆಲಸಗಳಿಗೆ ತಾವಾಗಿಯೇ ಬಂದು ಕೈ ಹಾಕಿದವು. ಅದೇ ಅಧ್ಯಯನದಲ್ಲಿ ಪೋಷಕರು ಒಪ್ಪಿಕೊಂಡ ಮಾತೊಂದಿದೆ. ಮಕ್ಕಳ ಅಡ್ಡಿ ತಪ್ಪಿಸಿಕೊಳ್ಳಲು ಅವರೂ ಮಗು ಮಲಗಿದ ಮೇಲೇ ಮನೆಗೆಲಸ ಮುಗಿಸುತ್ತಿದ್ದರಂತೆ. ತಂಗಿಗೆ ಇದನ್ನು ಹೇಳಿದಾಗ ನಕ್ಕಳು.

ಮಗು ಸುಮ್ನೆ ನಮ್ಮನ್ನು ನೋಡಿ ನಕಲು ಮಾಡುತ್ತಿದೆ, ಇದರಲ್ಲಿ ಸಹಾಯ ಏನು ಬಂತು ಅಂತ ಅನಿಸಬಹುದು. ನನಗೂ ಹಾಗೇ ಅನಿಸಿತ್ತು. 2006ರಲ್ಲಿ ಮನೋವಿಜ್ಞಾನಿಗಳಾದ ಫೆಲಿಕ್ಸ್ ವಾರ್ನೆಕನ್ ಮತ್ತು ಮೈಕಲ್ ಟೊಮಸೆಲ್ಲೊ ಪ್ರಕಟಿಸಿದ ಪ್ರಯೋಗ ಇದಕ್ಕೆ ಚೆಂದ ಉತ್ತರ ಕೊಡುತ್ತದೆ. ದೊಡ್ಡವರೊಬ್ಬರು ಬಟ್ಟೆ ಒಣಹಾಕುತ್ತಿದ್ದಾರೆ. ಕ್ಲಿಪ್ಪು ಕೈಜಾರಿ ಬೀಳುತ್ತದೆ, ಬಗ್ಗಿದರೂ ಎಟುಕುವುದಿಲ್ಲ. 18 ತಿಂಗಳ ಮಗು ಎದ್ದು ಬಂದು, ಎತ್ತಿ ಕೊಡುತ್ತದೆ. ಅದೇ ಮನುಷ್ಯ ಕ್ಲಿಪ್ಪನ್ನು ಬೇಕಂತಲೇ ನೆಲಕ್ಕೆ ಎಸೆದರೆ? ಆಗ ಮಕ್ಕಳು ಎತ್ತಿಕೊಡಲು ಬರುವುದು ತೀರಾ ಕಡಿಮೆ. ಬಿದ್ದ ಕ್ಲಿಪ್ಪು ಎರಡೂ ಸಲ ಒಂದೇ. ಇವರಿಗೆ ಅದು ಬೇಕಾಗಿದೆಯಾ ಇಲ್ಲವಾ ಅನ್ನುವುದನ್ನು ಮಗು ಓದುತ್ತದೆ. ಮಾತು ಇನ್ನೂ ಸರಿಯಾಗಿ ಬಾರದ ವಯಸ್ಸಲ್ಲಿ! ಪ್ರಯೋಗದಲ್ಲಿದ್ದ 24 ಮಕ್ಕಳಲ್ಲಿ 22 ಮಕ್ಕಳು ಒಂದಲ್ಲ ಒಂದು ಕೆಲಸದಲ್ಲಿ ನೆರವಾದವು. ಯಾರೂ ಚಾಕೊಲೇಟ್ ತೋರಿಸಿರಲಿಲ್ಲ.

ಚಾಕೊಲೇಟ್ ಅಂದಾಗ ನಮ್ಮ ತಪ್ಪೊಂದು ಹೇಳಬೇಕು. ಚಪ್ಪಲಿ ಜೋಡಿಸಿಟ್ಟರೆ ಒಂದು ಪೆಪ್ಪರಮೆಂಟು ಅಂತ ನಾನೇ ರೂಢಿ ಹಚ್ಚಿದೆ. ಒಂದು ವಾರಕ್ಕೆ ಕೂಸು ಮೊದಲು ಕೈ ಚಾಚಿ ನಿಲ್ಲುವುದನ್ನು ಕಲಿಯಿತು, ಚಪ್ಪಲಿ ಇದ್ದಲ್ಲೇ ಇತ್ತು. 2008ರಲ್ಲಿ ಅದೇ ಇಬ್ಬರು ವಿಜ್ಞಾನಿಗಳು 20 ತಿಂಗಳ ಮಕ್ಕಳಲ್ಲಿ ಇದನ್ನೇ ನೋಡಿದ್ದರು. ಸಹಾಯ ಮಾಡಿದಾಗಲೆಲ್ಲ ಕೆಲವು ಮಕ್ಕಳಿಗೆ ಆಟಕ್ಕೆ ಒಂದು ವಸ್ತು ಸಿಗುತ್ತಿತ್ತು, ಕೆಲವರಿಗೆ ಬಾಯಿಮಾತಿನ ಮೆಚ್ಚುಗೆ, ಕೆಲವರಿಗೆ ಏನೂ ಇಲ್ಲ. ಬಹುಮಾನ ಪಡೆದ ಮಕ್ಕಳು ಮುಂದೆ ಸಹಾಯ ಮಾಡುವುದು ಉಳಿದವರಿಗಿಂತ ಕಡಿಮೆಯಾಯಿತು. ಈಗ ನಮ್ಮ ಮನೆಯಲ್ಲಿ ಪೆಪ್ಪರಮೆಂಟು ಬಂದ್.

ಇನ್ನು ಕೈಯ ವಿಷಯ. ಅರಿವಿ ಹಿಂಡುವುದು ನಮಗೆ ಲೆಕ್ಕಕ್ಕೇ ಇಲ್ಲದ ಕೆಲಸ. ಆದರೆ ಒಂದು ಮಣಿಕಟ್ಟು ಒಳಗೆ ತಿರುಗಬೇಕು, ಇನ್ನೊಂದು ಹೊರಗೆ, ಅದೂ ಒಟ್ಟೊಟ್ಟಿಗೆ. ಎರಡು ವರ್ಷ ತುಂಬದ ಕೈಗಳಿಗೆ ಇದು ಕಷ್ಟ. ಮುಷ್ಟಿಯಲ್ಲಿ ಹಿಚುಕುವುದು ಬರುತ್ತದೆ. ಹಾಗಾಗಿ ಅವ್ವ ಈಗ ಹಳೇ ಬನಿಯನ್ನಿನ ಅಂಗೈ ಅಗಲದ ತುಂಡನ್ನು ತಾನೇ ಹಿಂಡಿ ಕೈಗೆ ಕೊಡುತ್ತಾಳೆ. ಕೆರೆ ಚಿಕ್ಕದಾಗಿದೆ. ಬಾರಿಗೆಯ ಕಥೆಯೂ ಅಷ್ಟೇ. ಉದ್ದ ಬಾರಿಗೆ ಕೂಸಿನ ಕೈಯಲ್ಲಿ ಕೋಲು, ಯಾರ ಕಣ್ಣಿಗೋ ಗೊತ್ತಿಲ್ಲ. ಸವೆದು ಗಿಡ್ಡವಾದದ್ದನ್ನು ಕೊಟ್ಟರೆ ಕಸ ಹೊಡೆಯುತ್ತದೆ, ಕಸ ಮೂಲೆಗೆ ಹೋಗದೆ ಮನೆ ತುಂಬಾ ಹರಡುತ್ತದೆ ಅಷ್ಟೇ. ಹೇಳುವ ಮಾತೂ ಸಣ್ಣದಿರಬೇಕು. "ಮನೆ ಸ್ವಚ್ಛ ಮಾಡು" ಅಂದರೆ ಅದಕ್ಕೆ ಏನೂ ತಿಳಿಯದು. "ಚಮಚ ಡಬ್ಬಿಗೆ ಹಾಕು" ಅಂದರೆ ಓಡುತ್ತದೆ.

ಎರಡು ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಬಕೆಟ್ಟಿನ ಹತ್ತಿರ ಕೂಸನ್ನು ಒಂಟಿ ಬಿಡುವಂತಿಲ್ಲ. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಭಾರ. ಬಗ್ಗಿ ಇಣುಕಿದರೆ ಕೂಸು ತಲೆಕೆಳಗಾಗಿ ಬೀಳುತ್ತದೆ, ಮತ್ತೆ ಎದ್ದೇಳುವ ಬಲ ತೋಳಿಗಿರುವುದಿಲ್ಲ. ಕೆಲವೇ ಇಂಚು ನೀರಿದ್ದರೂ ಜೀವಕ್ಕೆ ಅಪಾಯ. ಎರಡನೆಯದು ಫಿನಾಯಿಲು, ಆಸಿಡ್ಡು. ಅವನ್ನು ತಂಪು ಪಾನೀಯದ ಹಳೇ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸ ಎಷ್ಟು ಮನೆಗಳಲ್ಲಿಲ್ಲ ಹೇಳಿ! ಹಾಗೆ ನೋಡಿದರೆ ಶಹಾಬಾದ ಕಲ್ಲಿಗೂ ಆಸಿಡ್ಡು ಆಗಿಬರುವುದಿಲ್ಲ. ಅದು ಸುಣ್ಣದ ಕಲ್ಲು, ಆಸಿಡ್ಡು ಬಿದ್ದಲ್ಲಿ ಬುರುಗು ಎದ್ದು ಮೇಲ್ಮೈ ಕೊರೆದು ಹೊಳಪು ಹೋಗುತ್ತದೆ. ದಿನದ ಒರೆಸುವಿಕೆಗೆ ಬರೀ ನೀರು ಸಾಕು, ಕೂಸಿಗೂ ಅದೇ ಸಾಕು. ತೊಗರಿ ಬೇಳೆ ಆರಿಸಲು ಕೂಡಿಸುವುದೂ ಈಗಲೇ ಬೇಡ. ಕಾಳು ನೇರ ಮೂಗಿಗೆ ಹೋಗುತ್ತದೆ.

ಮೊನ್ನೆ ಕೂಸಿನ ಕೈಯಿಂದ ಹಾಲಿನ ಲೋಟ ಉರುಳಿತು. ಯಾರೂ ಹೇಳುವ ಮೊದಲೇ ಎದ್ದು ಬಚ್ಚಲ ಕಡೆ ಓಡಿತು, ತನ್ನ ಬನಿಯನ್ ತುಂಡು ತಂದಿತು. ಹಾಲು ಚೆಲ್ಲಿದ ಕಲ್ಲನ್ನು ಬಿಟ್ಟು ಪಕ್ಕದ ಒಣ ಕಲ್ಲನ್ನು ಬಹಳ ಮುತುವರ್ಜಿಯಿಂದ ಒರೆಸಿತು. ಆಮೇಲೆ ಅದೇ ಅರಿವಿಯಿಂದ ತನ್ನ ಮುಖ. ನಂತರ, ನಾವು ತಡೆಯುವಷ್ಟರಲ್ಲಿ, ಆಯಿಯ ಮುಖ.