ಸಂಪಾದಕರು ನಮ್ಮ ಕಥೆಯನ್ನು ಪೂರ್ತಿ ಓದುತ್ತಾರಾ?

ಪ್ರಶ್ನೆ: ನನ್ನ ಒಂದು ಕಥೆ ಈಗಾಗಲೇ ನಾಲ್ಕು ಕಡೆಯಿಂದ ವಾಪಸ್ ಬಂದಿದೆ. ಓದಿದ ಗೆಳೆಯರೆಲ್ಲ ಚೆನ್ನಾಗಿದೆ ಅನ್ನುತ್ತಾರೆ. ಒಂದು ಕಡೆಯಿಂದಂತೂ ಕಳಿಸಿದ ಮರುದಿನವೇ ವಿಷಾದಪತ್ರ ಬಂತು. ಸಂಪಾದಕರು ಕಥೆಯನ್ನು ನಿಜಕ್ಕೂ ಪೂರ್ತಿ ಓದುತ್ತಾರಾ? ಓದದೆ ಹೇಗೆ ಆರಿಸುತ್ತಾರೆ?

ಉತ್ತರ: ಇಲ್ಲ. ಹೆಚ್ಚಿನ ಕಥೆಗಳನ್ನು ಪೂರ್ತಿ ಓದುವುದಿಲ್ಲ.

ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ? ನಾನು ಕೆಲವು ವರ್ಷ ಒಂದು ಪತ್ರಿಕೆಗೆ ಬಂದ ಕಥೆಗಳನ್ನು ಮೊದಲು ಓದುವ ಕೆಲಸ ಮಾಡಿದ್ದೇನೆ. ಅದಕ್ಕೂ ಮುಂಚೆ ವಿಷಾದಪತ್ರ ಪಡೆಯುವುದರಲ್ಲಿ ಬೇಕಾದಷ್ಟು ಅನುಭವ ಆಗಿತ್ತು. ಹಾಗಾಗಿ ಎರಡೂ ಕಡೆಯ ಸಿಟ್ಟು ನನಗೆ ಅರ್ಥವಾಗುತ್ತದೆ.

ಮೊದಲು ಒಂದು ಲೆಕ್ಕ ನೋಡೋಣ. ಒಂದು ಸಂಚಿಕೆಗೆ 6 ಕಥೆ ಬೇಕು, ಬಂದಿರುವುದು 600 ಅಂದುಕೊಳ್ಳಿ. ಒಂದು ಕಥೆ ಓದಲು 15 ನಿಮಿಷ ಹಿಡಿದರೆ ಎಲ್ಲವನ್ನೂ ಓದಲು 150 ಗಂಟೆ ಬೇಕು. ದಿನಕ್ಕೆ 8 ಗಂಟೆಯಂತೆ, ಬೇರೇನೂ ಮಾಡದೆ, ಸುಮಾರು 19 ದಿನ. ಸಂಪಾದಕರಿಗೆ ತಿದ್ದುವ ಕೆಲಸವಿದೆ, ಚಿತ್ರ ಬರೆಯುವವರ ಬೆನ್ನು ಹತ್ತುವ ಕೆಲಸವಿದೆ, ಪುಟ ಕಟ್ಟುವ ಕೆಲಸವಿದೆ. ಎಷ್ಟೋ ಸಣ್ಣ ಪತ್ರಿಕೆಗಳಲ್ಲಿ ಇದನ್ನೆಲ್ಲ ಮಾಡುವವರು ಒಬ್ಬರೋ ಇಬ್ಬರೋ, ಅದೂ ಹೊಟ್ಟೆಪಾಡಿಗೆ ಬೇರೆ ನೌಕರಿ ಮಾಡಿಕೊಂಡು.

ಅದಕ್ಕೇ ಅನೇಕ ಕಡೆ ಮೊದಲ ಓದಿಗೆ ಬೇರೆಯವರಿರುತ್ತಾರೆ. ರಾಶಿಯಲ್ಲಿ ಯಾವುದು ಮುಂದಕ್ಕೆ ಹೋಗಬೇಕು ಎಂದು ನೋಡುವುದಷ್ಟೇ ಅವರ ಪಾಲಿನ ಕೆಲಸ. ಅವರು ಕಥೆಗೆ ಮಾರ್ಕ್ಸ್ ಹಾಕುತ್ತಾ ಕೂರುವುದಿಲ್ಲ. ಓದುತ್ತಾ ಹೋಗುತ್ತಾರೆ, ಇನ್ನು ಸಾಕು ಅನಿಸಿದ ಕಡೆ ನಿಲ್ಲಿಸುತ್ತಾರೆ. ಕೆಲವೊಮ್ಮೆ ಅದು ಮೂರನೇ ಪುಟ, ಎಷ್ಟೋ ಸಲ ಮೊದಲನೆಯದೇ. ನೀವೂ ಓದುಗರಾಗಿ ಇದನ್ನೇ ಮಾಡ್ತೀರಿ, ಅಲ್ವಾ? ಎರಡು ಪ್ಯಾರಾ ಓದಿ ಪುಟ ತಿರುವಿಲ್ಲವೇ?

ಮರುದಿನವೇ ಬಂದ ಪತ್ರದ ಬಗ್ಗೆ ಹೇಳುವುದಾದರೆ, ಅದಕ್ಕೆ ಕಥೆಯೇ ಕಾರಣ ಆಗಿರಬೇಕು ಅಂತಿಲ್ಲ. ಪದಮಿತಿ ಮೀರಿರಬಹುದು. ಆ ಪತ್ರಿಕೆ ಪತ್ತೇದಾರಿ ಕಥೆ ಹಾಕದೇ ಇರಬಹುದು. ನಿಮ್ಮ ಫೇಸ್‌ಬುಕ್ ಗೋಡೆಯ ಮೇಲೆ ಆ ಕಥೆ ಮೊದಲೇ ಬಂದಿರಬಹುದು. ಬಹಳ ಕಡೆ ಅದನ್ನೂ ಪ್ರಕಟವಾದದ್ದು ಎಂದೇ ಎಣಿಸುತ್ತಾರೆ. ಇಂಥವು ಓದುವ ಮೊದಲೇ ಪಕ್ಕಕ್ಕೆ ಹೋಗುತ್ತವೆ. ನಿಯಮದ ಪುಟವನ್ನು ಒಮ್ಮೆ ಓದಿದರೆ ಮುಗಿಯುವ ಸಮಸ್ಯೆ ಇದು.

ಪದಮಿತಿ ಅಂದಾಗ ಒಂದು ಮಾತು ನೆನಪಾಯಿತು. ರಷ್ಯದ ಕಥೆಗಾರ ಚೆಕಾವ್ ಇನ್ನೂ ಚಿಕ್ಕ ವಯಸ್ಸಿನಲ್ಲಿದ್ದಾಗ 1880ರ ದಶಕದಲ್ಲಿ 'ಅಸ್ಕೋಲ್ಕಿ' ಎಂಬ ಹಾಸ್ಯ ವಾರಪತ್ರಿಕೆಗೆ ಬರೆಯುತ್ತಿದ್ದರು. ಅದರ ಸಂಪಾದಕ ಲೇಕಿನ್ ಇಟ್ಟಿದ್ದ ಮಿತಿ ಸುಮಾರು 100 ಸಾಲು. ಚೆಕಾವ್ ಪತ್ರ ಬರೆದು ಗೊಣಗಿದ್ದೂ ಉಂಟು. ಆದರೂ ವರ್ಷಗಟ್ಟಲೆ ಆ ಅಳತೆಯೊಳಗೇ ಬರೆದರು. ನಾವು 3000 ಪದದ ಮಿತಿಗೆ 5200 ಪದ ಕಳಿಸಿ, 'ಒಂದು ಪದವನ್ನೂ ತೆಗೆಯಲಾಗದು' ಎಂದು ಚೀಟಿ ಬರೆಯುತ್ತೇವೆ!

ಈಗ ಮೊದಲ ಪುಟಕ್ಕೆ ಬರೋಣ. ರಾಶಿಯಲ್ಲಿ ಪದೇ ಪದೇ ಸಿಗುವ ಒಂದು ಆರಂಭ ಹೀಗಿರುತ್ತದೆ:

"ಅಂದು ಸಂಜೆ ಆಕಾಶದ ತುಂಬ ಕಪ್ಪು ಮೋಡ ಕವಿದಿತ್ತು. ಕಿಟಕಿಯ ಬಳಿ ನಿಂತಿದ್ದ ಸುಮಾಳ ಮನಸ್ಸಿನಲ್ಲೂ ಅಂಥದೇ ಮೋಡ. ನೆನಪುಗಳು ಒಂದೊಂದಾಗಿ ಬಿಚ್ಚಿಕೊಂಡವು."

ಇದರಲ್ಲಿ ವ್ಯಾಕರಣದ ತಪ್ಪಿಲ್ಲ. ಓದಲೂ ಹಿತವಾಗಿದೆ. ಆದರೆ ಅದೇ ದಿನ ಇನ್ನೂ ನಾಲ್ಕು ಮಂದಿ ಕಿಟಕಿಯ ಬಳಿ ನಿಂತಿದ್ದನ್ನು ನಾನು ಓದಿರುತ್ತೇನೆ. ಕಿಟಕಿ ಇಲ್ಲದಿದ್ದರೆ ಕನ್ನಡಿ. ಕನ್ನಡಿ ಇಲ್ಲದಿದ್ದರೆ ಬೆಳಗಿನ ಅಲಾರಂ. ಅಷ್ಟಾದ ಮೇಲೆ ಬಾಲ್ಯದ ಮೂರು ಪುಟ. ಸುಮಾಳಿಗೆ ಇವತ್ತು ಏನಾಯಿತು ಅಂತ ಗೊತ್ತಾಗುವ ಹೊತ್ತಿಗೆ ಓದುವವರ ಕೈ ಮುಂದಿನ ಕಥೆಗೆ ಹೋಗಿರುತ್ತದೆ.

ಇನ್ನೊಂದು ಆರಂಭ ನೋಡಿ:

"ಅಪ್ಪ ತೀರಿಕೊಂಡ ಮೂರನೇ ದಿನ ಅವರ ಫೋನಿಗೆ ಒಂದು ಕರೆ ಬಂತು. 'ಸಾರ್, ನೀವು ಕೇಳಿದ್ದ ಒಂಟಿ ರೂಮು ಖಾಲಿಯಾಗಿದೆ, ಯಾವಾಗ ಬರ್ತೀರಿ?'"

ಇಲ್ಲಿ ಮೋಡವೂ ಇಲ್ಲ, ಕಣ್ಣೀರೂ ಇಲ್ಲ. ಆದರೆ ಅಪ್ಪ ಯಾರಿಗೂ ಹೇಳದೆ ಬೇರೆ ರೂಮು ಯಾಕೆ ಹುಡುಕುತ್ತಿದ್ದರು? ಇದನ್ನು ತಿಳಿಯದೆ ನಾನು ಕಥೆ ಕೆಳಗಿಡುವುದಿಲ್ಲ. ಮೊದಲ ಸಾಲಲ್ಲೇ ಕೊಲೆ ಆಗಬೇಕು, ಬಾಂಬು ಸಿಡಿಯಬೇಕು ಅಂತ ಇದರ ಅರ್ಥ ಮಾಡಿಕೊಳ್ಳಬೇಡಿ. ಅಂಥವೂ ರಾಶಿಯಲ್ಲಿ ಜಾಸ್ತಿ. ಕಥೆ ಹೇಳುವವರಿಗೆ ತಾವು ಏನು ಹೇಳಲು ಕೂತಿದ್ದೇವೆ ಎಂಬುದು ಗೊತ್ತಿದೆಯಾ, ಇಲ್ಲ ಬರೆಯುತ್ತಾ ಹುಡುಕುತ್ತಿದ್ದಾರಾ ಎಂಬುದು ಒಂದು ಪುಟದಲ್ಲಿ ತಿಳಿದುಬಿಡುತ್ತದೆ. ಹುಡುಕುತ್ತಾ ಬರೆಯುವುದು ತಪ್ಪೇನಲ್ಲ. ನಾನೂ ಹಾಗೇ ಬರೆಯುವುದು. ಹುಡುಕಾಟದ ಪುಟಗಳನ್ನು ಆಮೇಲೆ ತೆಗೆಯಬೇಕು, ಅಷ್ಟೇ.

ಇಲ್ಲಿಯವರೆಗಿನ ಜರಡಿಯಲ್ಲಿ ರಾಶಿಯ ಬಹುಪಾಲು ಹೋಗಿಬಿಡುತ್ತದೆ. ನಿಜವಾದ ಕಷ್ಟ ಶುರುವಾಗುವುದು ಆಮೇಲೆ. ಉಳಿದ ಕಥೆಗಳನ್ನು ಪೂರ್ತಿ ಓದುತ್ತಾರೆ, ಕೆಲವನ್ನು ಎರಡೆರಡು ಸಲ. ಅವುಗಳಲ್ಲಿ ಹೆಚ್ಚಿನವು ತಪ್ಪಿಲ್ಲದ ಕಥೆಗಳು. ಭಾಷೆ ಸರಿ, ಪಾತ್ರಗಳು ಸರಿ, ಕೊನೆಯೂ ಸರಿ. 'ಚೆನ್ನಾಗಿದೆ' ಅನ್ನಲು ಯಾರಿಗೂ ಅಡ್ಡಿಯಿಲ್ಲ. ನಿಮ್ಮ ಗೆಳೆಯರು ಹೇಳಿದ್ದು ಇದೇ ಇರಬಹುದು. ಬೇಸರ ಮಾಡಿಕೊಳ್ಳಬೇಡಿ, ಆದರೆ ಅತಿ ಹೆಚ್ಚು ಒಳ್ಳೆಯ ಕಥೆಗಳು ವಾಪಸ್ ಹೋಗುವುದು ಈ ಗುಂಪಿನಿಂದಲೇ.

ಯಾಕೆ ಅಂದರೆ, ಕೊನೆಯ ಸುತ್ತಿನಲ್ಲಿ ಯಾರೋ ಒಬ್ಬರು ನಿಮ್ಮ ಕಥೆಗಾಗಿ ಜಗಳ ಆಡಬೇಕು. ಮೂರು ಜನ ಕೂತು ಚರ್ಚೆ ಮಾಡುವಾಗ ಮೂವರಿಗೂ 'ಪರವಾಗಿಲ್ಲ' ಅನಿಸಿದ ಕಥೆ ಸುಮ್ನೆ ಜಾರಿಹೋಗುತ್ತದೆ. ಅದನ್ನು ಯಾರೂ ಬೈಯುವುದಿಲ್ಲ, ಯಾರೂ ಹಿಡಿದುಕೊಳ್ಳುವುದೂ ಇಲ್ಲ. ಒಬ್ಬರಿಗೆ ಸ್ವಲ್ಪವೂ ಸೇರದ, ಇನ್ನೊಬ್ಬರಿಗೆ ಹುಚ್ಚು ಹಿಡಿಸಿದ ಕಥೆ ಮಾತ್ರ ಮೇಜಿನ ಮೇಲೆ ಉಳಿದುಕೊಳ್ಳುತ್ತದೆ. ಸರಾಸರಿ ಅಂಕ ಹಾಕಿ ಆರಿಸುವ ಕಡೆ ಇಂಥ ಕಥೆಗೆ ನಷ್ಟ. ಹಾಗಾಗಿ ನನಗೆ ಆ ಪದ್ಧತಿ ಇಷ್ಟವಿಲ್ಲ. ಎಲ್ಲರಿಗೂ ಒಪ್ಪಿಗೆಯಾದ ಆರು ಕಥೆ ಸೇರಿದರೆ ಸಂಚಿಕೆ ಸಪ್ಪೆ ಆಗುತ್ತದೆ.

ನಾನು ಬಳಸುತ್ತಿದ್ದ ಪರೀಕ್ಷೆ ತೀರಾ ಸರಳ. ರಾತ್ರಿ ಹತ್ತು ಕಥೆ ಓದಿ ಮಲಗುವುದು. ಬೆಳಿಗ್ಗೆ ಹಲ್ಲುಜ್ಜುವಾಗ ಯಾವುದು ತಾನಾಗಿ ನೆನಪಿಗೆ ಬರುತ್ತದೆ ನೋಡುವುದು. ಹೆಚ್ಚಾಗಿ ಒಂದು ಬರುತ್ತಿತ್ತು, ಕೆಲವು ದಿನ ಒಂದೂ ಇಲ್ಲ. ನೆನಪಾಗುತ್ತಿದ್ದುದು ಕಥೆಯ ಸಂದೇಶವಂತೂ ಆಗಿರಲಿಲ್ಲ. ಒಂದು ಮಾತು, ಒಂದು ಕೈಯ ಚಲನೆ, ಒಬ್ಬಳು ಬಾಗಿಲು ಹಾಕಿದ ರೀತಿ, ಇಂಥವೇ.

ಹೀಗೆ ಆರಿಸಿದ್ದು ಓದುಗರಿಗೆ ಹಿಡಿಸುತ್ತದೆ ಎಂಬ ಗ್ಯಾರಂಟಿ ಯಾರಿಗೂ ಇಲ್ಲ. 1948ರ ಜೂನ್‌ನಲ್ಲಿ ಅಮೆರಿಕದ 'ದಿ ನ್ಯೂಯಾರ್ಕರ್' ಪತ್ರಿಕೆ ಶರ್ಲಿ ಜಾಕ್ಸನ್ ಅವರ 'ದಿ ಲಾಟರಿ' ಕಥೆ ಹಾಕಿತು. ಆ ಬೇಸಿಗೆಯಲ್ಲಿ 300ಕ್ಕೂ ಹೆಚ್ಚು ಪತ್ರಗಳು ಬಂದವು. ಹೆಚ್ಚಿನವರು ಬೈದಿದ್ದರು, ಇಲ್ಲವೇ ತಲೆಬುಡ ಅರ್ಥವಾಗಿಲ್ಲ ಎಂದಿದ್ದರು. ಕೆಲವರು ಚಂದಾ ನಿಲ್ಲಿಸಿದರು. ಎಲ್ಲರ ಒಪ್ಪಿಗೆಗೆ ಕಾದಿದ್ದರೆ ಆ ಕಥೆ ಅಚ್ಚಾಗುತ್ತಲೇ ಇರಲಿಲ್ಲ.

ಇನ್ನೊಂದು ಕಾರಣ ಹೇಳಿದರೆ ನಿಮಗೆ ಸಿಟ್ಟು ಬರಬಹುದು. ಸಂಪಾದಕರು ಕಥೆ ಆರಿಸುತ್ತಾ ಸಂಚಿಕೆಯನ್ನೂ ಕಟ್ಟುತ್ತಿರುತ್ತಾರೆ. ವಯಸ್ಸಾದ ತಾಯಿಯ ಒಂಟಿತನದ ಬಗ್ಗೆ ನೀವು ಒಳ್ಳೆಯ ಕಥೆ ಬರೆದಿದ್ದೀರಿ. ಆದರೆ ಅದೇ ವಿಷಯದ ಕಥೆಯೊಂದನ್ನು ಅವರು ಹೋದ ವಾರವಷ್ಟೇ ಒಪ್ಪಿಕೊಂಡಿದ್ದಾರೆ. ಅಥವಾ ಈ ಸಂಚಿಕೆಯಲ್ಲಿ ಈಗಾಗಲೇ ಮೂರು ಸಾವುಗಳಿವೆ, ಅವರಿಗೆ ಬೇಕಿರುವುದು ಸ್ವಲ್ಪ ನಗು. ನಿಮ್ಮ ಕಥೆಗೆ ಯಾವ ದೋಷವೂ ಇಲ್ಲ, ಹೋದ ಹೊತ್ತು ಸರಿಯಿರಲಿಲ್ಲ. ಇದು ಪತ್ರದಲ್ಲಿ ಬರೆದು ಬರುವುದಿಲ್ಲ. (ನಗಿಸುವ ಕಥೆಗಳು ರಾಶಿಯಲ್ಲಿ ಬಹಳ ಕಡಿಮೆ. ಬರೆಯಲು ಬರುವವರು ಇದನ್ನು ಗಮನಿಸಿ.)

ಹೆಸರು ನೋಡಿ ಹಾಕುತ್ತಾರಾ ಅಂತ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಹೌದು, ಹೆಸರಿನಿಂದ ಲಾಭ ಇದೆ. ಹೆಸರಾದವರ ಕಥೆ ರಾಶಿಗೆ ಬೀಳದೆ ನೇರ ಸಂಪಾದಕರ ಮೇಜಿಗೆ ಹೋಗುತ್ತದೆ, ಮೊದಲ ಪುಟ ಕುಂಟಿದರೂ ಎರಡನೇ ಪುಟದವರೆಗೆ ತಾಳ್ಮೆ ಸಿಗುತ್ತದೆ. ಬ್ರಿಟಿಷ್ ಲೇಖಕಿ ಡೋರಿಸ್ ಲೆಸ್ಸಿಂಗ್ ಇದನ್ನು ಪರೀಕ್ಷಿಸಿಯೇ ನೋಡಿದರು. ಅವರದು ಕಾದಂಬರಿಯ ವಿಷಯ, ಆದರೂ ಪಾಠ ಒಂದೇ. ತಮ್ಮ ಕಾದಂಬರಿಯನ್ನು ಜೇನ್ ಸೋಮರ್ಸ್ ಎಂಬ ಹೆಸರಿನಲ್ಲಿ ಕಳಿಸಿದಾಗ, ಅವರ ಪುಸ್ತಕಗಳನ್ನು ಹಾಕುತ್ತಾ ಬಂದಿದ್ದ ಪ್ರಕಾಶಕರೇ ಬೇಡ ಅಂದರು. ಬೇರೆಯವರು 1983ರಲ್ಲಿ ಪ್ರಕಟಿಸಿದರು. ಮರುವರ್ಷ ಲೆಸ್ಸಿಂಗ್ ಗುಟ್ಟು ಬಿಟ್ಟುಕೊಟ್ಟರು. ಮುಂದೆ 2007ರಲ್ಲಿ ಅವರಿಗೆ ನೊಬೆಲ್ ಬಂತು. ಇದಕ್ಕೇ ಕೆಲವು ಪತ್ರಿಕೆಗಳು, ಅನೇಕ ಸ್ಪರ್ಧೆಗಳು ಹೆಸರು ತೆಗೆದು ಓದುತ್ತವೆ. ಹೊಸಬರು ಮೊದಲು ಅಂಥ ಕಡೆ ಕಳಿಸುವುದು ಒಳ್ಳೆಯದು.

ಕಥೆಯಲ್ಲಿ ಸಣ್ಣ ಊನವಿದ್ದರೆ ಆಸೆ ಬಿಡಬೇಕಾ? ಬೇಡ. ಕೆಲವು ಊನಗಳನ್ನು ಸಂಪಾದಕರು ರಿಪೇರಿ ಮಾಡಬಲ್ಲರು. ಉದ್ದ ಕಡಿಮೆ ಮಾಡಬಹುದು, ಶೀರ್ಷಿಕೆ ಬದಲಿಸಬಹುದು. ಕೊನೆಯ ಪ್ಯಾರಾದಲ್ಲಿ ಕಥೆಗಾರರು ಬಂದು 'ಆಗ ಅವನಿಗೆ ಬದುಕಿನ ಅರ್ಥ ತಿಳಿಯಿತು' ಎಂದು ವಿವರಿಸಿದ್ದರೆ ಅದನ್ನು ಹೊಡೆದುಹಾಕಿದರೆ ಸಾಕು, ಕಥೆ ಎದ್ದು ಕೂರುತ್ತದೆ. ಇಂಥ ಕಥೆಗೆ 'ಹೀಗೆ ತಿದ್ದಿ ಕಳಿಸುತ್ತೀರಾ' ಎಂದು ಮೇಲ್ ಬರಬಹುದು. ರಿಪೇರಿ ಆಗದ್ದು ದನಿ. ವಾಕ್ಯಗಳಿಗೆ ಉಸಿರಿಲ್ಲದಿದ್ದರೆ ಯಾವ ಸಂಪಾದಕರೂ ಊದಿ ತುಂಬಲಾರರು.

ತಿದ್ದುವುದೂ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ ಇದೆ ಅನ್ನಿ. ಅಮೆರಿಕದ ಕಥೆಗಾರ ರೇಮಂಡ್ ಕಾರ್ವರ್ ಅವರ 1981ರ ಕಥಾಸಂಕಲನದಲ್ಲಿ ಸಂಪಾದಕ ಗಾರ್ಡನ್ ಲಿಶ್ ಕೆಲವು ಕಥೆಗಳನ್ನು ಅರ್ಧಕ್ಕಿಂತ ಹೆಚ್ಚು ಕತ್ತರಿಸಿದ್ದರು. ಕಾರ್ವರ್ ತೀರಿಕೊಂಡ ಎಷ್ಟೋ ವರ್ಷದ ಮೇಲೆ, 2009ರಲ್ಲಿ, ಕತ್ತರಿಸದ ಮೂಲ ರೂಪವೂ ಪುಸ್ತಕವಾಗಿ ಬಂತು. ಯಾವುದು ಮೇಲು ಎಂಬ ಜಗಳ ಇನ್ನೂ ಮುಗಿದಿಲ್ಲ.

ಈಚೆಗೆ ಮೊದಲ ಓದು ಇನ್ನಷ್ಟು ಬಿಗಿಯಾಗಿದೆ. 2023ರ ಫೆಬ್ರವರಿಯಲ್ಲಿ 'ಕ್ಲಾರ್ಕ್ಸ್‌ವರ್ಲ್ಡ್' ಎಂಬ ವಿಜ್ಞಾನ ಕಥೆಗಳ ಪತ್ರಿಕೆಗೆ ಎಐ ಬರೆದ ಕಥೆಗಳು ನೂರಾರು ಬಂದು ಬಿದ್ದವು. ಅವರು ಸ್ವಲ್ಪ ಕಾಲ ಕಥೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಬೇಕಾಯಿತು. ಅಂಥ ಕಥೆಗಳೂ ಒಂದು ಬಗೆಯಲ್ಲಿ ತಪ್ಪಿಲ್ಲದ ಕಥೆಗಳೇ. ಕಿಟಕಿ, ಮೋಡ, ನೆನಪು ಎಲ್ಲ ಅವಕ್ಕೂ ಚೆನ್ನಾಗಿ ಬರುತ್ತದೆ. ಹೀಗಾಗಿ ಮೊದಲ ಪುಟ ಎಲ್ಲೋ ಓದಿದ ಹಾಗಿದ್ದರೆ ಓದುವವರಿಗೆ ಈಗ ಬೇಸರದ ಜೊತೆ ಅನುಮಾನವೂ ಬರುತ್ತದೆ.

ವಿಷಾದಪತ್ರದ ಪದ ಪದ ಬಿಡಿಸಿ ಅರ್ಥ ಹುಡುಕಬೇಡಿ. ಎಲ್ಲರಿಗೂ ಹೋಗುವುದು ಒಂದೇ ಒಕ್ಕಣೆ. ಆದರೆ ಕೆಳಗೆ ಒಂದು ಸಾಲು ಬೇರೆಯಾಗಿ ಬರೆದು, 'ಇನ್ನೊಂದು ಕಥೆ ಕಳಿಸಿ' ಅಂದಿದ್ದರೆ ನಂಬಿ. ಯಾವ ಸಂಪಾದಕರಿಗೂ ತಮ್ಮ ರಾಶಿಯನ್ನು ತಾವೇ ದೊಡ್ಡದು ಮಾಡಿಕೊಳ್ಳುವ ಹುಚ್ಚಿಲ್ಲ. ಯಾಕೆ ಬೇಡ ಅಂದಿರಿ ಎಂದು ಮೇಲ್ ಹಾಕಿ ಕೇಳಲು ಹೋಗಬೇಡಿ. ನಾನು ಒಮ್ಮೆ ಕೇಳಿದ್ದೆ. ಉತ್ತರ ಬರಲಿಲ್ಲ. ವರ್ಷಗಳ ನಂತರ ರಾಶಿಯ ಈಚೆ ಕೂತಾಗ ಆ ಕಥೆಯನ್ನು ತೆಗೆದು ಓದಿದೆ. ಅದು ಶುರುವಾಗುವುದೇ ನಾಲ್ಕನೇ ಪುಟದಲ್ಲಿ.

ನಿಮ್ಮ ಕಥೆಯನ್ನು ಐದನೇ ಕಡೆಗೂ ಕಳಿಸಿ. ನಾಲ್ಕು ಸಲ ವಾಪಸ್ ಬರುವುದು ಹೆಚ್ಚೇನಲ್ಲ. ಕಳಿಸುವ ಮುಂಚೆ ಒಂದು ಕೆಲಸ ಮಾಡಿ. ಮೊದಲ ಪುಟ ಪಕ್ಕಕ್ಕಿಟ್ಟು, ಕಥೆ ಗೊತ್ತಿಲ್ಲದ ಒಬ್ಬರಿಗೆ ಎರಡನೇ ಪುಟದಿಂದ ಓದಲು ಕೊಡಿ. ಚೆನ್ನಾಗಿದೆಯಾ ಅಂತ ಕೇಳಬೇಡಿ. ಏನಾದರೂ ಅರ್ಥವಾಗದೇ ಹೋಯಿತಾ ಅಂತ ಕೇಳಿ. ಇಲ್ಲ ಅಂದರೆ ಆ ಪುಟ ಬಿಟ್ಟೇ ಕಳಿಸಿ.