ಹೊಲ ಬರೆದುಕೊಟ್ಟಾಗಿದೆ, ಮಗ ನೋಡುತ್ತಿಲ್ಲ. ಎಸಿ (ಉಪವಿಭಾಗಾಧಿಕಾರಿ) ಆಫೀಸಿನಲ್ಲಿ ಏನು ಸಿಗುತ್ತದೆ?

ಪ್ರಶ್ನೆ: "ಹೊಲ ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟೀವ್ರಿ. ಅಂವ ಹೈದರಾಬಾದಿನಾಗ ಅದಾನ, ಗುಳಿಗಿಗೂ ರೊಕ್ಕ ಕಳಸವಲ್ಲ. ಎಸಿ ಸಾಹೇಬರಿಗೆ ಅರ್ಜಿ ಕೊಟ್ರ ಹೊಲ ತಿರುಗಿ ಬರ್ತದಲ್ರಿ?"

ಸೇಡಂನಿಂದ ಬರಲಿ, ಔರಾದಿನಿಂದ ಬರಲಿ, ಈ ಪ್ರಶ್ನೆಯ ಕೊನೇ ಸಾಲು ಬದಲಾಗುವುದಿಲ್ಲ. ಮತ್ತೊಮ್ಮೆ ಹೇಳುತ್ತೇವೆ: ಜೀವನಾಂಶ ಬೇರೆ, ಹೊಲ ಬೇರೆ.

ಮೊದಲು ಜೀವನಾಂಶ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯೇ ನ್ಯಾಯಮಂಡಳಿ. ಕಲಬುರಗಿ ಜಿಲ್ಲೆಯವರಿಗೆ ಕಲಬುರಗಿ ಅಥವಾ ಸೇಡಂ, ಬೀದರಿನವರಿಗೆ ಬೀದರ್ ಅಥವಾ ಬಸವಕಲ್ಯಾಣ, ಯಾದಗಿರಿಯವರಿಗೆ ಯಾದಗಿರಿ. ಮಗ ಎಲ್ಲೇ ಇರಲಿ, ನೀವಿರುವ ಕಡೆಯೇ ಅರ್ಜಿ ಹಾಕಬಹುದು. ವಕೀಲರು ಬೇಕಿಲ್ಲ. ಆಧಾರ್, ಔಷಧಿ ಚೀಟಿ, ತಿಂಗಳ ಖರ್ಚಿನ ಪಟ್ಟಿ, ಮಗನ ಸಂಬಳ ಅಥವಾ ಪಹಣಿಯ ವಿವರ ಸಾಕು. ಎದ್ದು ಓಡಾಡಲು ಆಗದವರು ಬೇರೊಬ್ಬರಿಗೆ ಅಧಿಕಾರ ಕೊಟ್ಟು ಅವರಿಂದ ಹಾಕಿಸಬಹುದು. ಸಿಗುವ ಜೀವನಾಂಶ ಗರಿಷ್ಠ ತಿಂಗಳಿಗೆ 10,000 ರೂಪಾಯಿ.

ಕೆಡುವುದು ಮಗನ ವಿಳಾಸದಲ್ಲಿ. ಅರ್ಜಿ ಇತ್ಯರ್ಥವಾಗಬೇಕಾದ 90 ದಿನದ ಗಡುವು ಎಣಿಕೆಯಾಗುವುದು ಅರ್ಜಿ ಕೊಟ್ಟ ದಿನದಿಂದಲ್ಲ, ಅವನಿಗೆ ನೋಟಿಸ್ ಮುಟ್ಟಿದ ದಿನದಿಂದ. "ಹೈದರಾಬಾದ್" ಅಂತಷ್ಟೇ ಬರೆದರೆ ನೋಟಿಸ್ ವಾಪಸು ಬರುತ್ತದೆ. ಮನೆ ನಂಬರ್, ಕೆಲಸದ ಜಾಗ, ಮೊಬೈಲ್ ಎಲ್ಲವೂ ಇರಲಿ. ಆದೇಶವಾದ ಮೇಲೂ ದುಡ್ಡು ಬರದಿದ್ದರೆ, ಬಾಕಿಯಾದ ಮೂರು ತಿಂಗಳೊಳಗೆ ವಸೂಲಿ ವಾರಂಟ್‌ಗೆ ಅರ್ಜಿ ಕೊಡಬೇಕು. ಸುಮ್ಮನೆ ಕಾಯುತ್ತ ಕೂತವರು ಇಲ್ಲೇ ಸೋಲುತ್ತಾರೆ.

ಈಗ ಹೊಲ. "ಮಗ ನೋಡಲಿಲ್ಲವೆಂದರೆ ಎಸಿ ದಾನಪತ್ರ ರದ್ದು ಮಾಡೇ ಮಾಡ್ತಾರ" ಅನ್ನುವುದು ಕಟ್ಟೆ ಮೇಲಿನ ಕಾನೂನು. ಕಾಯ್ದೆಯ 23ನೇ ಕಲಂ ಓದಿ: ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಗಷ್ಟೇ ಅದು ಅನ್ವಯ. ಷರತ್ತಿಲ್ಲದ ದಾನಕ್ಕೆ ಈ ಕಲಂ ಸಿಗದೆಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಬಿಡಿಸಿ ಹೇಳಿದೆ. 2025ರ ಜನವರಿಯಲ್ಲಿ ಅದೇ ಕೋರ್ಟು ಒಬ್ಬ ತಾಯಿಗೆ ಆಸ್ತಿ ಮರಳಿ ಕೊಡಿಸಿತಲ್ಲ ಎನ್ನುವವರು ಪೂರ್ತಿ ಓದಿಲ್ಲ. ಆ ತಾಯಿಯ ಬಳಿ, ನೋಡಿಕೊಳ್ಳುತ್ತೇನೆಂದು ಮಗ ಬರೆದುಕೊಟ್ಟ ವಚನಪತ್ರವಿತ್ತು.

ನಿಮ್ಮ ದಾನಪತ್ರ ತೆಗೆದು ನೋಡಿ. ಪ್ರತಿ ಇಲ್ಲದಿದ್ದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ. ಬಾಂಡ್ ಬರೆಯುವವರ ಬಳಿ ಇರುವುದು ಹಳೇ ನಮೂನೆ: "ಪ್ರೀತಿ ವಿಶ್ವಾಸದಿಂದ ದಾನ ಕೊಟ್ಟಿರುತ್ತೇನೆ, ಇನ್ನು ಮುಂದೆ ನನಗೆ ಯಾವ ಹಕ್ಕೂ ಇರುವುದಿಲ್ಲ." ಇಷ್ಟೇ ಇದ್ದರೆ ಎಸಿ ಮುಂದೆ ಹೊಲದ ವಾದ ನಿಲ್ಲುವುದು ಕಷ್ಟ. ಮೋಸ, ಒತ್ತಾಯ ಆಗಿದ್ದರೆ ಸಿವಿಲ್ ಕೋರ್ಟಿನ ದಾರಿ. ಆದರೂ ಜೀವನಾಂಶದ ಹಕ್ಕು ಎಲ್ಲೂ ಹೋಗುವುದಿಲ್ಲ, ಅದನ್ನು ಬಿಡಬೇಡಿ. ಇನ್ನೂ ಬರೆದುಕೊಡದವರು ಒಂದು ಸಾಲು ಸೇರಿಸಿ: "ನನ್ನನ್ನೂ ನನ್ನ ಪತ್ನಿಯನ್ನೂ ಜೀವನಪರ್ಯಂತ ಊಟ, ವಸತಿ, ಔಷಧೋಪಚಾರ ಕೊಟ್ಟು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಈ ದಾನ; ತಪ್ಪಿದರೆ ರದ್ದುಪಡಿಸುವ ಹಕ್ಕು ನನಗಿದೆ." ಮಗ ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ಆಗಲೇ ತಿಳಿಯುವುದು ಒಳ್ಳೆಯದು.

ಅರ್ಜಿ ಬರೆಯಲು ಯಾರೂ ಸಿಗದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಬೆಳಿಗ್ಗೆ 8ರಿಂದ ರಾತ್ರಿ 8ರೊಳಗೆ ಕರೆ ಮಾಡಿ. ಕರೆಗೆ ದುಡ್ಡು ಬೀಳುವುದಿಲ್ಲ.

ಅಸಲಿಗೆ ಬದುಕಿರುವಾಗಲೇ ಹೊಲ ಬರೆಯುವ ಅವಸರ ಯಾಕೆಂದು ಯಾರೂ ಕೇಳುವುದಿಲ್ಲ. ಮರಣಶಾಸನ ಇದೆಯಲ್ಲ. ಬಿಳಿ ಹಾಳೆ ಸಾಕು, ಸ್ಟಾಂಪ್ ಬೇಡ. ಇಬ್ಬರು ಸಾಕ್ಷಿಗಳ ಸಹಿ ಬೇಕು. ಹೊಲ ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಮನಸ್ಸು ಬದಲಾದರೆ ಹೊಸದು ಬರೆಯಿರಿ, ಕಡೆಯದಷ್ಟೇ ಊರ್ಜಿತ. ನೀವು ಬದುಕಿರುವವರೆಗೆ ಪಹಣಿಯೂ ಬೆಳೆಸಾಲವೂ ನಿಮ್ಮ ಹೆಸರಿನಲ್ಲೇ ಇರುತ್ತವೆ, ತೊಗರಿ ಮಾರಿದ ದುಡ್ಡು ನಿಮ್ಮ ಖಾತೆಗೇ ಬರುತ್ತದೆ.