ಪರದೇಶಕ್ಕೆ ಒಗ್ಗುವುದು ಆಫೀಸಿನಲ್ಲಲ್ಲ

ಜರ್ಮನಿಯ ಸ್ಟುಟ್‌ಗಾರ್ಟ್‌ನ ಬಾಡಿಗೆ ಮನೆಗೆ ಹೋಗಿ ಹತ್ತು ದಿನವಾಗಿತ್ತು. 2016ರ ಫೆಬ್ರವರಿ. ಬೆಳಿಗ್ಗೆ ಬಾಗಿಲು ತೆಗೆದರೆ ಹೊರಗಿನ ಹಿಡಿಕೆಗೆ ಒಂದು ಪುಟ್ಟ ಮರದ ಹಲಗೆ ನೇತಾಡುತ್ತಿತ್ತು. ಅದರ ಮೇಲೆ ‘ಕೇರ್‌ವೊಖೆ’ ಅಂತ ಬರೆದಿತ್ತು. ಫೋನಿನಲ್ಲಿ ನೋಡಿದರೆ ‘ಗುಡಿಸುವ ವಾರ’ ಅಂತ ಅರ್ಥ ಬಂತು. ಎಲ್ಲಿ ಗುಡಿಸಬೇಕು? ಯಾವ ದಿನ? ಗುಡಿಸಿದರೆ ಸಾಕೋ, ಒರೆಸಬೇಕೋ? ಒಂದೂ ತಿಳಿಯಲಿಲ್ಲ. ನನ್ನ ಗಂಡ ಆಫೀಸಿಗೆ ಹೊರಟಿದ್ದರು. “ಸಂಜೆ ನೋಡೋಣ ಬಿಡು” ಅಂದು ಮೆಟ್ಟಿಲಿಳಿದರು. ಆ ವಾರವಿಡೀ ಹಲಗೆ ಅಲ್ಲೇ ಇತ್ತು. ಮೆಟ್ಟಿಲ ಮೇಲೆ ಯಾರದ್ದಾದರೂ ಹೆಜ್ಜೆ ಸದ್ದು ಕೇಳಿದರೆ ನಾನು ಹೊರಗೆ ಹೋಗದೆ ಒಳಗೇ ನಿಂತುಬಿಡುತ್ತಿದ್ದೆ.

ಮೈಸೂರಿನಲ್ಲಿ ಹನ್ನೊಂದು ವರ್ಷ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದವಳು ನಾನು. ಅಲ್ಲಿ ಅಂಗಡಿಯವರಿಂದ ಹಿಡಿದು ಆಟೋದವರವರೆಗೆ ಎಲ್ಲರೂ ‘ಮೇಡಂ’ ಅಂತಿದ್ದರು. ಇಲ್ಲಿ ಹತ್ತೇ ದಿನದಲ್ಲಿ ನನ್ನ ಹೆಸರು ‘ಡಿಪೆಂಡೆಂಟ್’ ಆಗಿತ್ತು.

ಹೊರಡುವ ಮೊದಲು ನನ್ನ ಗಂಡನಿಗೆ ಅವರ ಕಂಪನಿಯವರು ಎರಡು ದಿನದ ತರಬೇತಿ ಇಟ್ಟಿದ್ದರು. ಜರ್ಮನ್ನರ ಜೊತೆ ಮೀಟಿಂಗ್ ಹೇಗೆ ನಡೆಸಬೇಕು, ಹೊತ್ತಿಗೆ ಸರಿಯಾಗಿ ಹೋಗುವುದು ಎಷ್ಟು ಮುಖ್ಯ, ಇಮೇಲ್ ಹೇಗಿರಬೇಕು, ಎಲ್ಲ ಹೇಳಿಕೊಟ್ಟರಂತೆ. ನನ್ನನ್ನು ಕರೆಯಲಿಲ್ಲ. ವೀಸಾಗೆ ಫೋಟೋ ಬೇಕಾದಾಗ ಮಾತ್ರ ನನ್ನ ನೆನಪಾಯಿತು. ಇವತ್ತಿಗೂ ಅದು ನನಗೆ ನೋವಿನ ವಿಷಯವೇ. ಯಾಕೆಂದರೆ ಆ ತರಬೇತಿಗೆ ಯಾರು ಬರಬೇಕಿತ್ತು ಅನ್ನುವುದು ಆ ಹೊತ್ತಿಗೆ 35 ವರ್ಷದಿಂದ ಗೊತ್ತಿದ್ದ ಸಂಗತಿ.

1980ರ ದಶಕದ ಆರಂಭದಲ್ಲಿ ರೋಸಲಿ ಟುಂಗ್ ಎಂಬ ಸಂಶೋಧಕಿ ಅಮೆರಿಕ, ಯುರೋಪ್ ಮತ್ತು ಜಪಾನಿನ ದೊಡ್ಡ ಕಂಪನಿಗಳನ್ನು ಒಂದು ಪ್ರಶ್ನೆ ಕೇಳಿದರು. ನೀವು ಹೊರದೇಶಕ್ಕೆ ಕಳಿಸಿದವರು ಯಾಕೆ ಅರ್ಧಕ್ಕೇ ವಾಪಸ್ ಬರುತ್ತಾರೆ? ಅಮೆರಿಕದ ಕಂಪನಿಗಳು ಕೊಟ್ಟ ಮೊದಲ ಕಾರಣ, ಹೆಂಡತಿಗೆ ಅಥವಾ ಗಂಡನಿಗೆ ಆ ದೇಶ ಒಗ್ಗಲಿಲ್ಲ ಅನ್ನುವುದು. ಎರಡನೆಯದು, ನೌಕರನಿಗೇ ಒಗ್ಗಲಿಲ್ಲ ಅನ್ನುವುದು. ಕೆಲಸ ಸರಿಯಾಗಿ ಬರುತ್ತಿರಲಿಲ್ಲ ಅನ್ನುವ ಕಾರಣ ಪಟ್ಟಿಯ ಕೊನೆಯ ಕಡೆಗಿತ್ತು. ಜಪಾನಿನವರ ಉತ್ತರ ಬೇರೆ. ಅವರ ಪಟ್ಟಿಯಲ್ಲಿ ಮೊದಲಿದ್ದದ್ದು, ಹೊರದೇಶದಲ್ಲಿ ತಲೆ ಮೇಲೆ ಬಿದ್ದ ದೊಡ್ಡ ಜವಾಬ್ದಾರಿಯನ್ನು ನಿಭಾಯಿಸಲು ಆಗಲಿಲ್ಲ ಅನ್ನುವುದು. ಅಂದರೆ ಎಲ್ಲ ಕಡೆ ಒಂದೇ ಕಥೆ ಅಂತಲ್ಲ. ಆದರೂ ಕೆಲಸ ಚೆನ್ನಾಗಿ ಗೊತ್ತಿದೆಯಾ ಅಂತ ನೋಡಿ ಕಳಿಸುವುದು, ಅವರು ಮನೆ ಕಾರಣಕ್ಕೆ ಮರಳಿ ಬರುವುದು, ಇದು ಆಗಲೂ ಇತ್ತು, ಈಗಲೂ ಇದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಹೊರದೇಶಕ್ಕೆ ಹೋದವರಲ್ಲಿ ನೂರಕ್ಕೆ ಮೂವತ್ತು ನಲವತ್ತು ಜನ ಸೋತು ಬರುತ್ತಾರೆ ಅನ್ನುವ ಲೆಕ್ಕ ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲಿ ಬಹಳ ಓಡಾಡಿದೆ. ಆ್ಯನ್-ವಿಲ್ ಹಾರ್ಜಿಂಗ್ ಎಂಬ ಸಂಶೋಧಕಿ ಅದರ ಬೇರು ಹುಡುಕಿಕೊಂಡು ಹೋಗಿ 1995ರಲ್ಲಿ ಒಂದು ಲೇಖನ ಬರೆದರು. ಒಬ್ಬರು ಇನ್ನೊಬ್ಬರನ್ನು ನೋಡಿ ಬರೆದದ್ದೇ ಜಾಸ್ತಿ, ಗಟ್ಟಿ ಆಧಾರ ಬಹಳ ಕಡಿಮೆ ಅಂತ ತೋರಿಸಿದರು. ನನಗೆ ಅದಕ್ಕಿಂತ ದೊಡ್ಡ ತೊಂದರೆ ಕಾಣುವುದು ಸೋಲು ಅನ್ನುವ ಮಾತಿನಲ್ಲೇ. ಬೇಗ ವಾಪಸ್ ಬಂದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಮೂರು ವರ್ಷ ಅಲ್ಲೇ ಉಳಿದು, ಪ್ರತಿ ರಾತ್ರಿ ಅತ್ತವರು ಯಾವ ಲೆಕ್ಕಕ್ಕೆ ಬರುತ್ತಾರೆ?

ಈ ಪ್ರಶ್ನೆಗೆ ಸ್ವಲ್ಪ ಬೆಳಕು ಬಂದದ್ದು ‘ಹೊಂದಿಕೊಳ್ಳುವುದು’ ಒಂದೇ ಸಂಗತಿಯಲ್ಲ ಅಂತ ಗೊತ್ತಾದ ಮೇಲೆ. ಸಂಶೋಧಕ ಸ್ಟುವರ್ಟ್ ಬ್ಲ್ಯಾಕ್ ಮತ್ತು ಜೊತೆಗಾರರು ಅದನ್ನು ಮೂರಾಗಿ ಬಿಡಿಸಿ ನೋಡಿದರು. ಕೆಲಸಕ್ಕೆ ಒಗ್ಗುವುದು ಒಂದು. ಮನೆ, ಊಟ, ಅಂಗಡಿ, ಹವೆಗೆ ಒಗ್ಗುವುದು ಇನ್ನೊಂದು. ಅಲ್ಲಿನ ಜನರ ಜೊತೆ ಬೆರೆಯುವುದು ಮೂರನೆಯದು. ಒಂದರಲ್ಲಿ ಗೆದ್ದವರು ಇನ್ನೊಂದರಲ್ಲೂ ಗೆಲ್ಲುತ್ತಾರೆ ಅಂತಿಲ್ಲ. ನಮ್ಮ ಮನೆಯನ್ನೇ ನೋಡಿ. ನನ್ನ ಗಂಡನಿಗೆ ಬೆಂಗಳೂರಿನಲ್ಲಿ ಯಾವ ಸಾಫ್ಟ್‌ವೇರ್ ಇತ್ತೋ ಅಲ್ಲೂ ಅದೇ. ಆಫೀಸಿನ ಭಾಷೆ ಇಂಗ್ಲಿಷ್. ಕೂರಲು ಜಾಗ, ಮಾಡಲು ಕೆಲಸ, ಮಧ್ಯಾಹ್ನದ ಊಟಕ್ಕೆ ನಾಲ್ಕು ಜನ, ಎಲ್ಲ ಮೊದಲೇ ಸಿದ್ಧವಾಗಿತ್ತು. ನನ್ನ ಪಾಲಿಗೆ ಬಂದದ್ದು ಉಳಿದೆರಡು. ಅಂಚೆ, ಡಾಕ್ಟರು, ಐದು ಬಣ್ಣದ ಕಸದ ಡಬ್ಬಿ, ಮೆಟ್ಟಿಲ ಹಲಗೆ. ಅವರಿಗೆ ಇಂಗ್ಲಿಷಿನ ಜರ್ಮನಿ, ನನಗೆ ಜರ್ಮನ್ನಿನ ಜರ್ಮನಿ.

“ಆರು ತಿಂಗಳು ತಡ್ಕೋ, ಆಮೇಲೆ ಸರಿಹೋಗುತ್ತೆ” ಅಂತ ಎಲ್ಲರೂ ಅನ್ನುತ್ತಿದ್ದರು. ಈ ಮಾತಿಗೂ ಒಂದು ಇತಿಹಾಸವಿದೆ. ನಾರ್ವೆಯ ಸ್ವೆರ್ರೆ ಲೂಸ್‌ಗೋರ್ಡ್ ಎಂಬ ಸಮಾಜಶಾಸ್ತ್ರಜ್ಞ, ಫುಲ್‌ಬ್ರೈಟ್ ಎಂಬ ವಿದ್ಯಾರ್ಥಿವೇತನದ ನೆರವಿನಿಂದ ಅಮೆರಿಕಕ್ಕೆ ಹೋಗಿಬಂದ ಸುಮಾರು 200 ನಾರ್ವೆಯನ್ನರನ್ನು ಮಾತಾಡಿಸಿ 1955ರಲ್ಲಿ ಬರೆದರು. ಆರು ತಿಂಗಳೊಳಗೆ ಮರಳಿದವರು ಖುಷಿಯಾಗಿದ್ದರು. ಹದಿನೆಂಟು ತಿಂಗಳಿಗಿಂತ ಜಾಸ್ತಿ ಇದ್ದವರೂ ಚೆನ್ನಾಗಿದ್ದರು. ನಡುವಿನವರಿಗೆ ಕಷ್ಟ. ಇದನ್ನು ಗೆರೆ ಎಳೆದು ನೋಡಿದರೆ ಇಂಗ್ಲಿಷಿನ ‘ಯು’ ಅಕ್ಷರದಂತೆ ಕಾಣುತ್ತದೆ. ಮೊದಲು ಸಂಭ್ರಮ, ಆಮೇಲೆ ಕುಸಿತ, ಆಮೇಲೆ ಏರಿಕೆ. ಅದೇ ಹೊತ್ತಿಗೆ ಮಾನವಶಾಸ್ತ್ರಜ್ಞ ಕಾಲೆರ್ವೊ ಓಬರ್ಗ್ 1954ರಲ್ಲಿ ರಿಯೊ ಡಿ ಜನೈರೊದಲ್ಲಿ ‘ಕಲ್ಚರ್ ಶಾಕ್’, ಅಂದರೆ ಪರದೇಶದ ರೀತಿನೀತಿಯ ನಡುವೆ ಬಿದ್ದಾಗ ಆಗುವ ಕಂಗಾಲು, ಇದರ ಬಗ್ಗೆ ಮಾಡಿದ ಭಾಷಣವೂ ಹೆಸರಾಯಿತು. ಎರಡೂ ಸೇರಿ, ಎಲ್ಲರೂ ಹೀಗೇ ಇಳಿದು ಹೀಗೇ ಏರುತ್ತಾರೆ ಅನ್ನುವ ನಂಬಿಕೆ ಬೆಳೆಯಿತು.

ಆದರೆ ಲೂಸ್‌ಗೋರ್ಡ್ ಒಬ್ಬರನ್ನೇ ತಿಂಗಳು ತಿಂಗಳು ಹಿಂಬಾಲಿಸಿದವರಲ್ಲ. ಬೇರೆ ಬೇರೆ ಕಾಲ ಇದ್ದು ಬಂದ ಬೇರೆ ಬೇರೆ ಜನರನ್ನು ಪಕ್ಕಪಕ್ಕ ಇಟ್ಟು ನೋಡಿದವರು. ಮನಶ್ಶಾಸ್ತ್ರಜ್ಞೆ ಕಾಲೀನ್ ವಾರ್ಡ್ ಮತ್ತು ಜೊತೆಗಾರರು ನ್ಯೂಜಿಲೆಂಡ್‌ಗೆ ಹೋದ ಜಪಾನಿ ವಿದ್ಯಾರ್ಥಿಗಳನ್ನು ಬಂದಾಗಿನಿಂದ ಒಂದು ವರ್ಷ ನಿಜವಾಗಿಯೂ ಹಿಂಬಾಲಿಸಿದರು. 1998ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ‘ಯು’ ಕಾಣಲೇ ಇಲ್ಲ. ಅವರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಬಂದಿಳಿದ ಹೊಸದರಲ್ಲೇ. ಇದನ್ನು ಓದಿದಾಗ ನನಗೆ ಎಷ್ಟು ಹಗುರವಾಯಿತು ಗೊತ್ತಾ? ಮೊದಲ ತಿಂಗಳು ಸಂಭ್ರಮ ಪಡಬೇಕಾದ ಹೊತ್ತು, ನಾನು ಮಾತ್ರ ಅಳುತ್ತಿದ್ದೇನೆ, ನನ್ನಲ್ಲೇ ಏನೋ ದೋಷ ಇದೆ ಅಂದುಕೊಂಡಿದ್ದೆ.

ಮನಸ್ಸಿನ ಮಾತಾಡುವಾಗ ಮೈಯನ್ನು ಮರೆಯಬಾರದು. ಡಿಸೆಂಬರ್ ಕೊನೆಯಲ್ಲಿ ಮೈಸೂರಿನಲ್ಲಿ ಹಗಲು ಹನ್ನೊಂದು ಗಂಟೆಗೂ ಜಾಸ್ತಿ. ಸ್ಟುಟ್‌ಗಾರ್ಟ್‌ನಲ್ಲಿ ಎಂಟು ಗಂಟೆಯ ಆಸುಪಾಸು, ಅದೂ ಬೂದಿ ಬಣ್ಣದ ಮೋಡದ ಅಡಿಯಲ್ಲಿ. ಬೆಳಿಗ್ಗೆ ಕಣ್ಣಿಗೆ ಬೀಳುವ ಬೆಳಕೇ ನಮ್ಮ ಮೈಯೊಳಗಿನ ಗಡಿಯಾರವನ್ನು ದಿನಾ ಸರಿ ಮಾಡುವುದು. ಬೆಳಕು ಸಾಲದಿದ್ದರೆ ನಿದ್ದೆ ಹಿಂದೆ ಮುಂದೆ ಆಗುತ್ತದೆ, ಕೆಲವರಿಗೆ ಮನಸ್ಸೂ ಕುಗ್ಗುತ್ತದೆ. ಈ ಚಳಿಗಾಲದ ಖಿನ್ನತೆಯನ್ನು 1984ರಲ್ಲಿ ಹೆಸರಿಟ್ಟು ವಿವರಿಸಿದವರು ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಅವರ ತಂಡ. ರೋಸೆಂತಾಲ್ ಸ್ವತಃ ವಲಸೆ ಹೋದವರು. ದಕ್ಷಿಣ ಆಫ್ರಿಕಾದ ಬಿಸಿಲಿನಿಂದ ನ್ಯೂಯಾರ್ಕ್‌ಗೆ ಬಂದ ಮೇಲೆ, ಚಳಿಗಾಲದಲ್ಲಿ ತಮ್ಮ ಚೈತನ್ಯವೇ ಇಳಿದುಹೋಗುವುದನ್ನು ಅವರು ಗಮನಿಸಿದ್ದರು. ನಮ್ಮವರು ಆ ದೇಶಗಳಲ್ಲಿ ನವೆಂಬರ್‌ನಲ್ಲಿ ಸೋತು ಕೂತಾಗ ‘ನನಗೆ ಹೊಂದಿಕೊಳ್ಳೋ ಶಕ್ತಿ ಇಲ್ಲ’ ಅಂದುಕೊಳ್ಳುತ್ತಾರೆ. ಬೆಳಿಗ್ಗೆ ಅರ್ಧ ಗಂಟೆ ಹೊರಗೆ ನಡೆಯುವುದು, ಕಷ್ಟ ಜಾಸ್ತಿಯಾದರೆ ಡಾಕ್ಟರನ್ನು ಕೇಳಿ ಬೆಳಕಿನ ಚಿಕಿತ್ಸೆ ಪಡೆಯುವುದು, ಇಷ್ಟು ಹೇಳುವವರೇ ಇರುವುದಿಲ್ಲ.

ಮನೆಯ ನೆನಪು ಮೈಗೆ ತಾಗುತ್ತದೆ ಅನ್ನುವುದು ಹಳೆಯ ತಿಳಿವಳಿಕೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಇದಕ್ಕೆ ‘ನಾಸ್ಟಾಲ್ಜಿಯಾ’ ಅಂತ ಹೆಸರಿಟ್ಟ. ಆಗ ಅದು ಕಾಯಿಲೆಯ ಹೆಸರು. ಅವನು ಬರೆದ ಒಬ್ಬ ರೋಗಿ ಬರ್ನ್‌ನಿಂದ ಬಾಸೆಲ್‌ಗೆ ಓದಲು ಬಂದ ಹುಡುಗ. ಸಾಯುವ ಹಾಗಾಗಿದ್ದ. ಊರಿಗೆ ಕಳಿಸುತ್ತೇವೆ ಅಂತ ಹೊರಡಿಸಿದರೆ, ದಾರಿಯಲ್ಲೇ ಚೇತರಿಸಿಕೊಂಡನಂತೆ. ಬರ್ನ್ ಇರುವುದು ಬಾಸೆಲ್‌ನಿಂದ ನೂರು ಕಿಲೋಮೀಟರ್ ಆಚೆ, ಅಷ್ಟೇ.

ಹಲಗೆಯ ವಿಷಯಕ್ಕೆ ಬರುತ್ತೇನೆ. ಎರಡನೇ ಸಲ ಅದು ನಮ್ಮ ಬಾಗಿಲಿಗೆ ಬಂದಾಗ ನಾನು ಅದನ್ನು ಕೈಯಲ್ಲಿ ಹಿಡಿದು ಕೆಳಗಿನ ಮನೆಯ ಅಜ್ಜಿಯ ಬೆಲ್ ಒತ್ತಿದೆ. ಕಲಿತಿದ್ದ ನಾಲ್ಕು ಪದದಲ್ಲಿ “ದಯವಿಟ್ಟು, ಹೇಗೆ?” ಅಂತ ಕೇಳಿದೆ. ಅವರು ಒಳಗೆ ಹೋಗಿ ಪೊರಕೆ, ಬಕೆಟ್ಟು ತಂದರು. ಮೇಲಿನಿಂದ ಕೆಳಕ್ಕೆ ಬರಬೇಕು, ಮೆಟ್ಟಿಲ ಮೂಲೆ ಬಿಡಬಾರದು, ಕಂಬಿ ಒರೆಸಬೇಕು, ಕೊನೆಗೆ ಬೀದಿ ಬಾಗಿಲ ಮುಂದೆ ಗುಡಿಸಿ ಹಲಗೆಯನ್ನು ಮುಂದಿನ ಮನೆಗೆ ನೇತುಹಾಕಬೇಕು. ಆ ಭಾಗದಲ್ಲಿ ಇದು ತಲೆತಲಾಂತರದಿಂದ ಬಂದ ಪದ್ಧತಿ. ಯಾರು ಎಷ್ಟು ಓದಿದ್ದಾರೆ ಅನ್ನುವುದಕ್ಕಿಂತ ಮೆಟ್ಟಿಲು ಹೇಗೆ ತೊಳೆಯುತ್ತಾರೆ ಅನ್ನುವುದರ ಮೇಲೆ ನೆರೆಹೊರೆಯವರ ಅಭಿಪ್ರಾಯ ನಿಂತಿರುತ್ತದೆ. ಅಜ್ಜಿಯ ಮಾತೂ ನನ್ನ ಜರ್ಮನ್ ಕ್ಲಾಸಿನ ಮಾತಾಗಿರಲಿಲ್ಲ, ಆ ಸೀಮೆಯ ಆಡುಮಾತು ಶ್ವಾಬಿಷ್. ಪುಸ್ತಕದ ಕನ್ನಡ ಕಲಿತವರನ್ನು ನೇರ ಕುಂದಾಪುರದ ಮೀನು ಮಾರ್ಕೆಟ್ಟಿಗೆ ಬಿಟ್ಟ ಹಾಗೆ. ಅರ್ಧವೂ ಅರ್ಥವಾಗಲಿಲ್ಲ. ಆದರೆ ಪೊರಕೆ ಹಿಡಿದ ಕೈ ಅರ್ಥವಾಯಿತು.

ಇದನ್ನು ಕಲಿಕೆಯ ದೃಷ್ಟಿಯಿಂದ ನೋಡಿದವರು ಮನಶ್ಶಾಸ್ತ್ರಜ್ಞರಾದ ಏಡ್ರಿಯನ್ ಫರ್ನಹ್ಯಾಮ್ ಮತ್ತು ಸ್ಟೀಫನ್ ಬಾಕ್ನರ್. ಕಲ್ಚರ್ ಶಾಕ್ ಅಂದರೆ ಮನಸ್ಸಿನ ಕಾಯಿಲೆ ಅಲ್ಲ, ಆ ಊರಿನ ದಿನನಿತ್ಯದ ನಡವಳಿಕೆ ಇನ್ನೂ ಕಲಿತಿಲ್ಲ ಅಂತ ಅರ್ಥ ಅನ್ನುವುದು ಅವರ ವಾದ. ಹಾಗಿದ್ದರೆ ಕಲಿಸುವವರು ಬೇಕಲ್ಲ. ಬಾಕ್ನರ್ ಮತ್ತು ಜೊತೆಗಾರರು 1977ರಲ್ಲಿ ಹವಾಯಿಯ ವಿದೇಶಿ ವಿದ್ಯಾರ್ಥಿಗಳನ್ನು ಗಮನಿಸಿ, ಅವರ ಸ್ನೇಹ ಮೂರು ಬಳಗಗಳಲ್ಲಿ ಇರುತ್ತದೆ ಅಂದರು. ತಮ್ಮದೇ ದೇಶದವರ ಬಳಗದಲ್ಲಿ ಮನಸ್ಸು ಬಿಚ್ಚಬಹುದು. ಸ್ಥಳೀಯರ ಬಳಗದಿಂದ ಅಲ್ಲಿನ ಕೆಲಸ ಕಾರ್ಯಗಳು ಸಾಗುತ್ತವೆ. ಇನ್ನೊಂದು, ತಮ್ಮಂತೆಯೇ ಬೇರೆ ಬೇರೆ ದೇಶಗಳಿಂದ ಬಂದವರ ಬಳಗ, ಹೊತ್ತು ಕಳೆಯಲು, ನಗಲು. ನನಗೆ ಮೊದಲನೆಯದು ಕನ್ನಡ ಬಳಗದ ಯುಗಾದಿ ಊಟದಲ್ಲಿ ಸಿಕ್ಕಿತು. ಮೂರನೆಯದು ಭಾಷೆಯ ಕ್ಲಾಸಿನಲ್ಲಿ. ಅಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಸಿರಿಯಾದ ಅಲೆಪ್ಪೊದಿಂದ ಯುದ್ಧ ತಪ್ಪಿಸಿಕೊಂಡು ಬಂದ ಒಬ್ಬ ಟೀಚರು. ಅವರೂ ವಿಜ್ಞಾನದವರೇ. ಇಬ್ಬರಿಗೂ ಬರುವ ಮುರುಕು ಜರ್ಮನ್‌ನಲ್ಲಿ ನಾವು ದ್ಯುತಿಸಂಶ್ಲೇಷಣೆ ಪಾಠ ಹೇಗೆ ಮಾಡುತ್ತಿದ್ದೆವು ಅಂತ ಹೇಳಿಕೊಂಡಿದ್ದೇವೆ. ನಾನು ಬಯಸಿ ಬಂದವಳು, ಅವರು ಬೇರೆ ದಾರಿಯಿಲ್ಲದೆ ಬಂದವರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲು ಮನಸ್ಸು ಒಪ್ಪುವುದಿಲ್ಲ.

ಕಷ್ಟವಾಗಿ ಸಿಗುವುದು ಎರಡನೆಯ ಬಳಗ. ನಮ್ಮವರು ಬಹಳಷ್ಟು ಜನ ಅದಿಲ್ಲದೆಯೇ ವರ್ಷಗಟ್ಟಲೆ ಇದ್ದುಬಿಡುತ್ತಾರೆ. ಅಜ್ಜಿ ನನ್ನನ್ನು ಒಂದೂವರೆ ವರ್ಷ ‘ಜೀ’ ಅಂದರು, ಅಂದರೆ ‘ನೀವು’. ಒಂದು ದಿನ ಮೆಟ್ಟಿಲ ಮೇಲೆ ನಿಂತು, ಇನ್ನು ‘ದು’ ಅನ್ನೋಣ ಅಂದರು. ಅಂದರೆ ‘ನೀನು’. ಅಲ್ಲಿ ಹಿರಿಯರು ಮೊದಲು ಹೇಳಬೇಕು, ಕಿರಿಯರು ಕಾಯಬೇಕು. ನೀವು, ನೀನು ಎರಡರ ನಡುವೆ ಎಷ್ಟು ದೂರ ಅಂತ ಕನ್ನಡದವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ನನ್ನ ಅಜ್ಜಿಯ ವಯಸ್ಸಿನವರನ್ನು ‘ನೀನು’ ಅನ್ನಲು ನನಗೆ ಬಾಯಿ ಬರಲಿಲ್ಲ. ಕೊನೆಗೆ ಅವರು ನನಗೆ ‘ದು’ ಅಂದರು, ನಾನು ‘ಓಮ’ ಅಂದೆ. ಅಂದರೆ ಅಜ್ಜಿ.

ಬಿಡಿ ಬಿಡಿ ಅನುಭವದಿಂದ ವಿಜ್ಞಾನ ಆಗುವುದಿಲ್ಲ, ನಿಜ. 2005ರಲ್ಲಿ 66 ಅಧ್ಯಯನಗಳನ್ನು, ಒಟ್ಟು 8,474 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ ದೊಡ್ಡ ವಿಶ್ಲೇಷಣೆಯೊಂದು ಬಂತು. ಬಾಳಸಂಗಾತಿ ಒಗ್ಗಿಕೊಂಡಿರುವುದಕ್ಕೂ ನೌಕರ ಒಗ್ಗಿಕೊಳ್ಳುವುದಕ್ಕೂ ಗಟ್ಟಿ ನಂಟು ಅದರಲ್ಲಿ ಕಂಡಿತು. ಜನರ ಜೊತೆ ಬೆರೆಯುವ ಗುಣವೂ ಬಹಳ ಮುಖ್ಯವಾಗಿತ್ತು. ಮೊದಲೇ ಬೇರೆ ದೇಶದಲ್ಲಿ ಇದ್ದ ಅನುಭವದಿಂದ ಸಿಗುವ ನೆರವು ಮಾತ್ರ ಎಲ್ಲರೂ ಅಂದುಕೊಂಡಷ್ಟು ಇರಲಿಲ್ಲ. ‘ಇವರು ಈಗಾಗಲೇ ಎರಡು ಸಲ ಆನ್‌ಸೈಟ್ ಹೋಗಿದ್ದಾರೆ’ ಅಂತ ಆರಿಸುವವರು ಇದನ್ನು ನೋಡಬೇಕು.

‘ಹೊಂದಿಕೊಂಡು ಹೋಗಮ್ಮ’ ಅನ್ನುವುದು ನಮ್ಮಲ್ಲಿ ಗಂಡನ ಮನೆಗೆ ಹೊರಟ ಹೆಣ್ಣಿಗೆ ಹೇಳುವ ಮಾತು. ವಿಮಾನ ಹತ್ತುವ ಮುಂಚೆಯೂ ನನಗೆ ಅದನ್ನೇ ಹೇಳಿದರು. ಹೊಂದುವ ಕೆಲಸವೆಲ್ಲ ಬಂದವಳದ್ದೇ ಅನ್ನುವುದು ಆ ಮಾತಿನೊಳಗೇ ಇದೆ. ಆದರೆ ಕಾನೂನು ಹೇಗಿದೆ ಅನ್ನುವುದರ ಮೇಲೂ ಎಷ್ಟೋ ನಿಂತಿದೆ. ಅಮೆರಿಕದಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಹೋದವರ ಹೆಂಡತಿಯರು ಎಚ್-4 ವೀಸಾದಲ್ಲಿ, ಎಷ್ಟೇ ಓದಿದ್ದರೂ, ಕೆಲಸ ಮಾಡುವ ಹಾಗಿರಲಿಲ್ಲ. 2015ರ ಮೇ ತಿಂಗಳಿಂದ, ಗ್ರೀನ್ ಕಾರ್ಡ್ ಅಂದರೆ ಕಾಯಂ ವಾಸದ ಅರ್ಜಿ ಒಂದು ಹಂತ ದಾಟಿದವರ ಸಂಗಾತಿಗಳಿಗೆ ಮಾತ್ರ ಅವಕಾಶ ಸಿಕ್ಕಿತು. ಅಷ್ಟು ವರ್ಷ ಮನೆಯಲ್ಲಿ ಕೂತ ಡಾಕ್ಟರು, ಎಂಜಿನಿಯರುಗಳಿಗೆ ಯಾವ ಗುಣ ಇದ್ದಿದ್ದರೆ ಒಗ್ಗುತ್ತಿತ್ತು, ಹೇಳಿ? ಓದಿದ ಹೊರದೇಶದ ನೌಕರರಿಗೆ ಜರ್ಮನಿ ಕೊಡುವ ಬ್ಲೂ ಕಾರ್ಡ್‌ನಲ್ಲಿ ಸಂಗಾತಿಗೂ ದುಡಿಯುವ ಹಕ್ಕಿದೆ. ಅದು ನಿಜಕ್ಕೂ ದೊಡ್ಡದು. ಶಾಲೆಯಲ್ಲಿ ಪಾಠ ಮಾಡಬೇಕಾದರೆ ಮಾತ್ರ ನಮ್ಮ ಡಿಗ್ರಿಗೆ ಮಾನ್ಯತೆ ಸಿಗಬೇಕು, ಭಾಷೆ ಮೇಲಿನ ಹಂತದವರೆಗೆ ಬರಬೇಕು. ನಾನು ಅಲ್ಲಿಗೆ ಮುಟ್ಟಲಿಲ್ಲ. ಸಂಜೆ ಹೊತ್ತು ಮೂರು ಮಕ್ಕಳಿಗೆ ಗಣಿತ ಹೇಳಿಕೊಟ್ಟೆ. ಆ ಮೂರು ಮಕ್ಕಳಿಂದಲೇ ನಾನು ಮತ್ತೆ ಟೀಚರ್ ಆದೆ.

2019ರಲ್ಲಿ ವಾಪಸ್ ಬಂದೆವು. ಮರಳಿದ ಮೇಲೆ ಇನ್ನೊಂದು ಕುಸಿತ ಇರುತ್ತದೆ ಅಂತ ಸಂಶೋಧಕರಾದ ಗಲಹಾರ್ನ್ ದಂಪತಿ 1963ರಲ್ಲೇ ಬರೆದಿದ್ದರು. ಸ್ವಂತ ಊರಿಗೆ ಬರಲು ಯಾರೂ ತಯಾರಿ ಮಾಡಿಕೊಳ್ಳುವುದಿಲ್ಲ, ಅಲ್ವಾ? ಅಲ್ಲಿ ಭಾನುವಾರ ಸದ್ದು ಮಾಡುವ ಹಾಗಿಲ್ಲ. ಮೈಸೂರಿನಲ್ಲಿ ಎಷ್ಟೋ ವಾರ, ಭಾನುವಾರ ಬೆಳಿಗ್ಗೆ ಚಟ್ನಿಗೆ ಕಾಯಿ ಹಾಕಿ ಮಿಕ್ಸಿಯ ಗುಂಡಿ ಮುಟ್ಟಿದರೆ ಕೈ ಅಲ್ಲೇ ನಿಲ್ಲುತ್ತಿತ್ತು. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು “ಕರೆಂಟ್ ಇದೆಯಲ್ಲೇ, ಯಾಕೆ ಸುಮ್ನೆ ನಿಂತೆ?” ಅಂತ ಕೇಳುತ್ತಿದ್ದರು.